ಪೋಡಿಯಂ ಆದ ಮೇಲೆ ‘ನಿಮ್ಮ ಹುಡುಗ ಈ ಕ್ಲಾಸಿಗೆ ಬರಲ್ಲ’ ಅಂದರೆ ಏನು ಮಾಡೋದು?

ಹೆಣ್ಣೂರು ಅಪ್ಪ
ಕಾರ್ಟಿಂಗ್ (ಪುಟ್ಟ ರೇಸ್ ಗಾಡಿಗಳ ಓಟ) ಪೋಷಕರಲ್ಲಿ ಒಂದು ಪ್ರಶ್ನೆ. ಯಾವ ಸರಣಿ, ಯಾವ ಟ್ರ್ಯಾಕ್ ಅಂತ ಬರೆಯಲ್ಲ. ದಯವಿಟ್ಟು ಊಹಿಸಲೂ ಬೇಡಿ.

ಮಗ ಮಿನಿ ಕ್ಲಾಸಲ್ಲಿ ಓಡಿಸುತ್ತಾನೆ. ನಿಯಮದ ಪುಸ್ತಕದಲ್ಲಿ ವಯಸ್ಸು ‘9ರಿಂದ 12’ ಅಂತಿದೆ. ಅವನಿಗೆ ಈಗ 12. ಡಿಸೆಂಬರ್ 28ಕ್ಕೆ 13 ತುಂಬುತ್ತೆ. ಸೀಸನ್ ಶುರುವಿನಲ್ಲಿ ಪಾಸ್‌ಪೋರ್ಟ್ ತೋರಿಸಿಯೇ ಎಂಟ್ರಿ ಆಗಿದ್ದು, ಯಾರೂ ತಕರಾರು ಮಾಡಲಿಲ್ಲ. ಹೋದ ರೌಂಡಿನ ಫೈನಲ್‌ನಲ್ಲಿ ಎರಡನೇ ಸ್ಥಾನ ಬಂತು. ಪೋಡಿಯಂ ಆಯಿತು, ಫೋಟೋ ಆಯಿತು. ಆಮೇಲೆ ಇನ್ನೊಬ್ಬ ಹುಡುಗನ ತಂದೆ ಆಫೀಸಿಗೆ ಹೋಗಿ ಏನೋ ಹೇಳಿದರು. ಸ್ಟೀವರ್ಡ್‌ಗಳು (ರೇಸಿನ ತೀರ್ಪುಗಾರರು) ನಮ್ಮನ್ನ ಕರೆದು, ‘ಈ ವರ್ಷದೊಳಗೆ 13 ಆಗುತ್ತಲ್ಲ, ಮಿನಿಗೆ ಅರ್ಹನಲ್ಲ’ ಅಂದರು. ರಿಸಲ್ಟ್‌ನಿಂದ ಹೆಸರು ಹೋಯಿತು. ಟ್ರೋಫಿ ವಾಪಸ್ ಕೊಡಿಸಿಕೊಂಡರು.

ನನ್ನ ಪ್ರಶ್ನೆ ಇಷ್ಟೇ. ಎಂಟ್ರಿ ತಗೊಂಡು, ಫೀಸ್ ತಗೊಂಡು, ರೇಸ್ ಓಡಿಸಿ, ಆಮೇಲೆ ಹೀಗೆ ಹೇಳಬಹುದಾ?

ಸೀಸದ ಸೀಟು
ಟ್ರೋಫಿ ವಾಪಸ್ ಕೇಳುವಾಗ ಹುಡುಗ ಎದುರಿಗೇ ಇದ್ದನಾ? ಅದೊಂದು ಮಾತ್ರ ತಪ್ಪಿಸಬಹುದಿತ್ತು ಕಣ್ರೀ. ದೊಡ್ಡವರನ್ನ ಪಕ್ಕಕ್ಕೆ ಕರೆದು ಹೇಳೋಕೆ ಏನು ಕಷ್ಟ?

ಹಳೇ ಸ್ಕ್ರುಟಿನಿಯರ್
ಹೆಣ್ಣೂರಿನವರೇ, ಹೇಳಬಹುದು. ನಿಮಗೆ ಇಷ್ಟವಾಗದ ಉತ್ತರ ಅಂತ ಗೊತ್ತು. ಎಂಟ್ರಿ ಸ್ವೀಕರಿಸಿದ್ದಾರೆ ಅಂದ ಮಾತ್ರಕ್ಕೆ ಅರ್ಹತೆ ಇದೆ ಅಂತ ಆಗಲ್ಲ. ಫಾರಂ ಮೇಲೆ ‘ನಾನು ನಿಯಮಕ್ಕೆ ಬದ್ಧ’ ಅಂತ ಸಹಿ ಹಾಕಿರುತ್ತೀರಿ. ತಪ್ಪು ಯಾವಾಗ ಕಂಡರೂ ಸ್ಟೀವರ್ಡ್‌ಗಳು ಸ್ವಂತವಾಗಿ ವಿಚಾರಣೆ ಮಾಡಬಹುದು.

ಆದರೆ ಆ ಇನ್ನೊಬ್ಬ ತಂದೆಯ ದೂರು ಬೇರೆ ವಿಷಯ. ನಮ್ಮ ದೇಶದ ಮೋಟಾರ್ ಸ್ಪೋರ್ಟ್ಸ್ ಫೆಡರೇಶನ್ ಎಫ್‌ಎಂಎಸ್‌ಸಿಐ. ಅದರ ಮೇಲೆ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎಯ ಕ್ರೀಡಾ ಸಂಹಿತೆ ಇದೆ. ಅದರ ಪ್ರಕಾರ ಪ್ರೊಟೆಸ್ಟ್ ಅಂದರೆ ಬರವಣಿಗೆಯಲ್ಲಿ ಇರಬೇಕು, ಜೊತೆಗೆ ಫೀಸ್ ಕಟ್ಟಬೇಕು. ಒಬ್ಬ ಡ್ರೈವರ್‌ನ ಎಂಟ್ರಿಯನ್ನೇ ಪ್ರಶ್ನಿಸೋದಾದರೆ ಸ್ಕ್ರುಟಿನಿ (ರೇಸಿಗೆ ಮೊದಲಿನ ಗಾಡಿ ತಪಾಸಣೆ) ಮುಗಿಯುವ ಸಮಯದಿಂದ 2 ಗಂಟೆಯೊಳಗೆ ಕೊಡಬೇಕು. ರಿಸಲ್ಟ್ ಮೇಲಿನ ತಕರಾರಿಗೆ, ತಾತ್ಕಾಲಿಕ ರಿಸಲ್ಟ್ ಹಾಕಿದ ಮೇಲೆ 30 ನಿಮಿಷ. ಪೋಡಿಯಂ ಆದ ಮೇಲೆ ಬಾಯಲ್ಲಿ ಹೇಳಿದ್ದು ಪ್ರೊಟೆಸ್ಟ್ ಅಲ್ಲವೇ ಅಲ್ಲ. ಅದನ್ನ ಬರೀ ಮಾಹಿತಿ ಅಂತ ತಗೊಂಡು ಸ್ಟೀವರ್ಡ್‌ಗಳು ತಾವೇ ಕ್ರಮ ತಗೊಂಡಿರಬೇಕು.

ಮೈಸೂರು ಕಾರ್ನರ್
ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. 13 ತುಂಬೋ ಹುಡುಗನನ್ನ 9 ವರ್ಷದ ಮಕ್ಕಳ ಜೊತೆ ಬಿಟ್ಟು ಎರಡನೇ ಸ್ಥಾನ ಅಂತ ಖುಷಿ ಪಡೋದು ಯಾಕೆ? ಪ್ಯಾಡಕ್‌ನಲ್ಲಿ (ಟೀಮ್‌ಗಳು ಬೀಡು ಬಿಡುವ ಜಾಗ) ಇದು ಎಲ್ಲರಿಗೂ ಗೊತ್ತಿರೋ ಆಟ. ಮೇಲಿನ ಕ್ಲಾಸಿಗೆ ಹೋದರೆ ಹತ್ತನೇ ಸ್ಥಾನ ಬರುತ್ತೆ, ಸ್ಪಾನ್ಸರ್‌ಗೆ ತೋರಿಸೋಕೆ ಫೋಟೋ ಇರಲ್ಲ. ಅದಕ್ಕೆ ಇನ್ನೊಂದು ವರ್ಷ ಕೆಳಗೇ ಇಡ್ತಾರೆ. ನಿಮ್ಮನ್ನೇ ಅಂತ ಅಲ್ಲ. ಆದರೆ ಡಿಸೆಂಬರ್ 28 ಅಂದಾಗ ನಿಮಗೇ ಒಂದು ಅನುಮಾನ ಬಂದಿರಬೇಕಲ್ವಾ?

ಹೆಣ್ಣೂರು ಅಪ್ಪ
ಮೈಸೂರಿನವರೇ, ಅನುಮಾನ ಬಂದೇ ಎಂಟ್ರಿ ಡೆಸ್ಕ್‌ನಲ್ಲಿ ಕೇಳಿದ್ದು. ‘12 ನಡೀತಿದೆ ತಾನೇ, ಓಕೆ’ ಅಂದರು. ಬರೆದು ಕೊಟ್ಟಿಲ್ಲ, ನಿಜ.

ಟೂ ಸ್ಟ್ರೋಕ್ ತಿಮ್ಮ
ವಯಸ್ಸು ಜಾಸ್ತಿ ಇದ್ದರೆ ಕಾರ್ಟಿಂಗ್‌ನಲ್ಲಿ ಲಾಭ ಅಂತ ಸುಮ್ನೆ ಎಲ್ಲರೂ ಹೇಳ್ತಾರೆ. ಕುಸ್ತಿ, ಫಾಸ್ಟ್ ಬೌಲಿಂಗ್ ಆದರೆ ಸರಿ. ಇಲ್ಲಿ ಗಾಡಿ ಮತ್ತು ಡ್ರೈವರ್ ಸೇರಿ ಕನಿಷ್ಠ ತೂಕ ಅಂತ ಇರುತ್ತೆ. ಸಣ್ಣ ಹುಡುಗನ ಸೀಟಿಗೆ ಸೀಸದ ತುಂಡು ಬೋಲ್ಟ್ ಹಾಕಿ ಆ ತೂಕಕ್ಕೆ ತರ್ತೀವಿ. ಬೆಳೆದ ಹುಡುಗ ಸೀಸ ಇಲ್ಲದೇನೇ ಮಿತಿ ದಾಟಿರ್ತಾನೆ. ಕಾರ್ನರ್‌ನಿಂದ ಹೊರಗೆ ಬರುವಾಗ ಪ್ರತಿ ಕೆಜಿಯೂ ಕಾಣುತ್ತೆ. ಅದೂ ಅಲ್ಲದೆ ಸೀಸವನ್ನ ಸೀಟಿನ ಕೆಳಭಾಗದಲ್ಲಿ ಬೇಕಾದ ಕಡೆ ಕೂರಿಸಬಹುದು. ಹುಡುಗನ ಎದೆ, ಹೆಗಲನ್ನ ಕೆಳಗೆ ಇಳಿಸೋಕಾಗುತ್ತಾ? ಎತ್ತರದ ಹುಡುಗ ಕೂತರೆ ಗಾಡಿಯ ತೂಕದ ಸೆಂಟರೇ ಮೇಲೆ ಹೋಗುತ್ತೆ.

ಲಾಭ ಇರೋದು ಅನುಭವದಲ್ಲಿ. ಎರಡು ಸೀಸನ್ ಜಾಸ್ತಿ ಓಡಿಸಿದವನಿಗೆ ಯಾವಾಗ ಒಳಗೆ ಮೂಗು ತೂರಿಸಬೇಕು, ಯಾವಾಗ ಸುಮ್ಮನಿರಬೇಕು ಅಂತ ಗೊತ್ತಿರುತ್ತೆ. ಆ ಅನುಭವ ವಯಸ್ಸಿಗಿಂತ ಅಪ್ಪನ ದುಡ್ಡಿನಿಂದ ಬರೋದೇ ಜಾಸ್ತಿ. ಅದಕ್ಕೆ ಯಾವ ಸ್ಟೀವರ್ಡೂ ತಡೆ ಹಾಕಿಲ್ಲ.

ಮೈಸೂರು ಕಾರ್ನರ್
ಕೊನೇ ಮಾತು ಒಪ್ಪಿದೆ ತಿಮ್ಮಣ್ಣ. ಆದರೂ ನಿಯಮ ನಿಯಮನೇ.

ಹಳೇ ಸ್ಕ್ರುಟಿನಿಯರ್
ನಿಯಮ ನಿಯಮನೇ ಸರಿ. ಆದರೆ ಯಾವ ನಿಯಮ? ‘9ರಿಂದ 12’ ಅಂತ ಬರೆದು ಬಿಟ್ಟರೆ ಮೂರು ಥರ ಓದಬಹುದು. 12ನೇ ಹುಟ್ಟುಹಬ್ಬದ ತನಕ ಮಾತ್ರ. ಅಥವಾ 13ನೇ ಹುಟ್ಟುಹಬ್ಬದ ಹಿಂದಿನ ದಿನದ ತನಕ. ಅಥವಾ 12 ತುಂಬುವ ವರ್ಷದ ಡಿಸೆಂಬರ್ 31ರ ತನಕ. ಜನವರಿಯಲ್ಲಿ ಹುಟ್ಟಿದವರಿಗೆ ಎರಡನೆಯದೂ ಮೂರನೆಯದೂ ಹೆಚ್ಚುಕಡಿಮೆ ಒಂದೇ. ಡಿಸೆಂಬರ್‌ನಲ್ಲಿ ಹುಟ್ಟಿದ ಮಗುವಿಗೆ ಮಾತ್ರ ಪೂರ್ತಿ ಒಂದು ಸೀಸನ್ ವ್ಯತ್ಯಾಸ. ಹೆಣ್ಣೂರಿನವರ ಹುಡುಗ ಸಿಕ್ಕಿಹಾಕಿಕೊಂಡಿರೋದು ಸರಿಯಾಗಿ ಅಲ್ಲೇ.

ಸರಣಿಯವರು ಸೀಸನ್ ಮಧ್ಯೆ ಬುಲೆಟಿನ್ ಏನಾದರೂ ಹೊರಡಿಸಿದ್ದರಾ ನೋಡಿ. ಎಷ್ಟೋ ಸಲ ಪುಸ್ತಕದಲ್ಲಿ ಇಲ್ಲದ್ದು ಬುಲೆಟಿನ್‌ನಲ್ಲಿ ಇರುತ್ತೆ. ನೋಟಿಸ್ ಬೋರ್ಡಿಗೆ ಅಂಟಿಸಿದರೆ ಎಲ್ಲರಿಗೂ ತಿಳಿಸಿದಂತೆ ಅಂತ ಲೆಕ್ಕ.

ಲೀಗಲ್ ಅಮ್ಮ
ಹೈಕೋರ್ಟ್‌ನಲ್ಲಿ ಪ್ರಾಕ್ಟೀಸ್ ಮಾಡ್ತೀನಿ, ಮಗಳು ಮೈಕ್ರೋದಲ್ಲಿ (ಮಿನಿಗಿಂತ ಕೆಳಗಿನ ಕ್ಲಾಸ್) ಓಡಿಸ್ತಾಳೆ. ಹಾಗಾಗಿ ಎರಡೂ ಕಡೆಯಿಂದ ತಲೆನೋವು ಗೊತ್ತು.

ಹೆಣ್ಣೂರು ಸರ್, ಸರಿ ತಪ್ಪು ಆಮೇಲೆ ನೋಡೋಣ. ಮೊದಲು ಇದು ಹೇಳಿ. ನಿರ್ಧಾರ ಕಾಗದದಲ್ಲಿ ಕೊಟ್ಟರಾ? ಅದರ ಮೇಲೆ ಸಮಯ ಇದೆಯಾ? ಎಂಟ್ರಿ ಫಾರಂನಲ್ಲಿ ಎಂಟ್ರೆಂಟ್ (ಎಂಟ್ರಿ ಕೊಡುವವರು) ಅಂತ ಯಾರ ಹೆಸರಿದೆ, ನಿಮ್ಮದಾ, ಟೀಮ್‌ದಾ?

ಯಾಕೆ ಕೇಳಿದೆ ಅಂದರೆ, ಸ್ಟೀವರ್ಡ್ ನಿರ್ಧಾರದ ವಿರುದ್ಧ ಅಪೀಲ್ ಮಾಡಬೇಕಾದರೆ ನಿರ್ಧಾರ ಪ್ರಕಟವಾದ 1 ಗಂಟೆಯೊಳಗೆ ‘ಅಪೀಲ್ ಮಾಡ್ತೀವಿ’ ಅಂತ ಬರೆದು ಕೊಡಬೇಕು. ಅದನ್ನ ಕೊಟ್ಟಿದ್ದರೆ ಅಪೀಲ್ ಸಲ್ಲಿಸೋಕೆ 96 ಗಂಟೆ ಇರುತ್ತೆ. ಆ 1 ಗಂಟೆ ಹೋದರೆ ಬಹುತೇಕ ಬಾಗಿಲು ಮುಚ್ಚಿದಂತೆ. ಆದರೆ ನಿರ್ಧಾರವನ್ನ ಬರೆದೇ ಕೊಟ್ಟಿಲ್ಲ ಅಂದರೆ ಗಡಿಯಾರ ಯಾವಾಗ ಶುರುವಾಯಿತು ಅಂತ ನಾವು ಕೇಳಬಹುದು.

ಹೆಣ್ಣೂರು ಅಪ್ಪ
ಮೇಡಂ, ನನ್ನ ಕೈಗೆ ಕಾಗದ ಕೊಡಲಿಲ್ಲ. ಬೋರ್ಡಿನ ಮೇಲೆ ಹೊಸ ರಿಸಲ್ಟ್ ಶೀಟ್ ಇತ್ತು. ಮಗನ ಹೆಸರಿನ ಮುಂದೆ ‘ಅನರ್ಹ’ ಅಂತ ಮಾತ್ರ. ಎಂಟ್ರೆಂಟ್ ಟೀಮ್. ಗಾಡಿ, ಎಂಜಿನ್, ಮೆಕ್ಯಾನಿಕ್ ಎಲ್ಲ ಅವರದೇ. ನಾವು ರೌಂಡಿಗೆ ಇಷ್ಟು ಅಂತ ಕೊಡ್ತೀವಿ.

ಇನ್ನೊಂದು ವಿಷಯ ಮೊದಲೇ ಹೇಳಬೇಕಿತ್ತೇನೋ. ನಮ್ಮ ಹುಡುಗ ಹೋದ ಮೇಲೆ ಮೂರನೇ ಸ್ಥಾನಕ್ಕೆ ಏರಿದ ಹುಡುಗನೂ ಅದೇ ಟೀಮ್.

ಸೀಸದ ಸೀಟು
ಅಯ್ಯೋ.

ಟೂ ಸ್ಟ್ರೋಕ್ ತಿಮ್ಮ
ಮುಗೀತು ಕಥೆ 😀 ಟೀಮ್ ಮ್ಯಾನೇಜರ್‌ಗೆ ಒಬ್ಬ ಹೋದರೆ ಇನ್ನೊಬ್ಬ ಬಂದ. ಅವನು ಯಾಕೆ ಅಪೀಲ್ ಫೀಸ್ ಕಟ್ತಾನೆ?

ಹಳೇ ಸ್ಕ್ರುಟಿನಿಯರ್
ನಗುವ ವಿಷಯ ಅಲ್ಲ ತಿಮ್ಮ. ಪ್ರೊಟೆಸ್ಟ್ ಮಾಡುವ ಹಕ್ಕು, ಅಪೀಲ್ ಮಾಡುವ ಹಕ್ಕು ಎರಡೂ ಎಂಟ್ರೆಂಟ್‌ಗೆ ಸೇರಿದ್ದು. ಅಪ್ಪ ಅಮ್ಮ ದುಡ್ಡು ಕೊಡಬಹುದು, ಬೆಳಿಗ್ಗೆ ನಾಲ್ಕಕ್ಕೆ ಎದ್ದು ಟ್ರೇಲರ್ ಎಳೆದು ತರಬಹುದು. ಫಾರಂನಲ್ಲಿ ಟೀಮ್ ಹೆಸರಿದ್ದರೆ ಸ್ಟೀವರ್ಡ್ ಕೊಠಡಿಯಲ್ಲಿ ಅವರ ಮಾತಿಗೆ ಬೆಲೆ ಇಲ್ಲ. ಸ್ಟೀವರ್ಡ್‌ಗಳು ನಿರ್ಧಾರವನ್ನ ಟೀಮ್ ಮ್ಯಾನೇಜರ್ ಕೈಗೆ ಕೊಟ್ಟು ಸಹಿ ಹಾಕಿಸಿಕೊಂಡಿರಬಹುದು. ಹಾಗಾಗಿದ್ದರೆ ಅವರ ಲೆಕ್ಕದಲ್ಲಿ ಎಲ್ಲವೂ ಕ್ರಮವಾಗಿ ಆಗಿದೆ.

ಮಿಡ್‌ಲ್ಯಾಂಡ್ಸ್ ಕನ್ನಡಿಗ
ಇಲ್ಲಿ ಇಂಗ್ಲೆಂಡಿನಲ್ಲಿ ಇದಕ್ಕೊಂದು ದಾರಿ ಇದೆ. ಮೋಟಾರ್‌ಸ್ಪೋರ್ಟ್ ಯುಕೆ ಅಂತ ಇಲ್ಲಿನ ಫೆಡರೇಶನ್, 2019ಕ್ಕೆ ಮೊದಲು ಎಂಎಸ್‌ಎ ಅಂತಿದ್ದದ್ದು. ಅವರು ಮಕ್ಕಳ ಲೈಸೆನ್ಸ್ ಜೊತೆ ಪೋಷಕರಿಗೂ ಒಂದು ಎಂಟ್ರೆಂಟ್ ಲೈಸೆನ್ಸ್ ಕೊಡ್ತಾರೆ. ವಿಚಾರಣೆಗೆ ಮಗುವಿನ ಜೊತೆ ನಾನೇ ಹೋಗಿ ಕೂರಬಹುದು, ಸಹಿ ನನ್ನದೇ. ಅದರ ಇನ್ನೊಂದು ಮುಖವೂ ಇದೆ. ನಾನು ಅಧಿಕಾರಿಗಳ ಮೇಲೆ ಕೂಗಾಡಿದರೆ ಶಿಕ್ಷೆ ನನ್ನ ಲೈಸೆನ್ಸಿಗೂ ಬರುತ್ತೆ. ಪ್ಯಾಡಕ್ ಬೇಲಿ ಹತ್ತಿರ ನಿಂತು ಬೈಯುವ ಅಪ್ಪಂದಿರು ಇಲ್ಲೇನೂ ಕಡಿಮೆ ಇಲ್ಲ. ಆದರೆ ಲೈಸೆನ್ಸ್ ಜೇಬಲ್ಲಿ ಇದ್ದವರು ಸ್ವಲ್ಪ ತಗ್ಗಿ ಮಾತಾಡ್ತಾರೆ.

ಹೊಸ ಡ್ರೈವರ್ ಆದರೆ ಆರ್ಕ್ಸ್ ಅಂತ ಒಂದು ಪರೀಕ್ಷೆ ಪಾಸ್ ಮಾಡಬೇಕು, ಬರೆಯೋದೂ ಇದೆ, ಓಡಿಸೋದೂ ಇದೆ. ಅಲ್ಲೇ ಬಾವುಟ, ಪ್ರೊಟೆಸ್ಟ್ ಸಮಯ ಎಲ್ಲ ಮಕ್ಕಳಿಗೇ ಓದಿಸ್ತಾರೆ. ನನ್ನ ಮಗಳಿಗೆ ನನಗಿಂತ ಚೆನ್ನಾಗಿ ಗೊತ್ತು.

ಕೊಯಮತ್ತೂರು ಕನ್ನಡಿಗ
ಎಲ್ಲ ಪೋಷಕರೂ ಸೇರಿ ಒಂದು ಮನವಿ ಬರೆದು ಸಹಿ ಹಾಕಿ ಕೊಟ್ಟರೆ? ಒಬ್ಬರ ಮಾತಿಗಿಂತ ತೂಕ ಇರುತ್ತೆ.

ಹಳೇ ಸ್ಕ್ರುಟಿನಿಯರ್
ಪ್ರೊಟೆಸ್ಟ್ ಅಂತ ಕೊಟ್ಟರೆ ತಿರಸ್ಕಾರವಾಗುತ್ತೆ. ಗುಂಪಾಗಿ ಸಹಿ ಹಾಕಿದ ಪ್ರೊಟೆಸ್ಟ್ ಒಪ್ಪಬಾರದು ಅಂತ ಸಂಹಿತೆಯಲ್ಲೇ ಇದೆ. ನಿಯಮ ಸ್ಪಷ್ಟವಾಗಿ ಬರೆಯಿರಿ ಅಂತ ಸೀಸನ್ ಮುಗಿದ ಮೇಲೆ ಪತ್ರ ಬರೆಯೋದಾದರೆ ಎಷ್ಟು ಜನ ಬೇಕಾದರೂ ಸಹಿ ಹಾಕಿ.

ಟೂ ಸ್ಟ್ರೋಕ್ ತಿಮ್ಮ
ಅರ್ಹತೆ ಅಂದರೆ ವಯಸ್ಸೊಂದೇ ಅಲ್ಲ. ಇನ್ನೊಂದು ಹೇಳ್ತೀನಿ ಕೇಳಿ. ಸೀಲ್ ಹಾಕಿದ ಎಂಜಿನ್ ಕ್ಲಾಸ್‌ಗಳಲ್ಲಿ ಪ್ರತಿ ಎಂಜಿನ್‌ಗೂ ಸೀಲ್ ನಂಬರ್, ಅದಕ್ಕೊಂದು ಲಾಗ್‌ಬುಕ್. ನಂಬರ್ ಹೊಂದದೇ ಇದ್ದರೆ ಆ ಎಂಜಿನ್ ರೇಸಿಗೆ ಅರ್ಹ ಅಲ್ಲ. ನಾನು ಕೆಲಸ ಮಾಡ್ತಿದ್ದ ಕಡೆ ಒಬ್ಬ ಹುಡುಗನಿಗೆ ಬಾಡಿಗೆ ಎಂಜಿನ್ ಕೊಟ್ಟಿದ್ದರು. ಸರ್ವಿಸ್ ಮಾಡಿದವರು ಹೊಸ ಸೀಲ್ ಹಾಕಿ ಪುಸ್ತಕದಲ್ಲಿ ಒಂದು ಅಂಕಿ ತಪ್ಪು ಬರೆದಿದ್ದರು. ಹುಡುಗ ಗೆದ್ದ. ಪಾರ್ಕ್ ಫರ್ಮೆಯಲ್ಲಿ (ರೇಸ್ ಆದ ಮೇಲೆ ಗಾಡಿಗಳನ್ನ ಕಾವಲಲ್ಲಿ ಇಡುವ ಜಾಗ) ನಂಬರ್ ಚೆಕ್ ಮಾಡಿದರು, ಡಿಸ್ಕ್ವಾಲಿಫೈ. ಆಮೇಲೆ ಎಂಜಿನ್ ಬಿಚ್ಚಿ ಅಳತೆ ತಗೊಂಡರೆ ಎಲ್ಲವೂ ಸರಿ ಇತ್ತು. ಪೋರ್ಟ್ ಮುಟ್ಟಿಲ್ಲ, ಸ್ಕ್ವಿಶ್ ಸರಿ, ಕಾರ್ಬ್ ಸರಿ. ಆದರೂ ರಿಸಲ್ಟ್ ವಾಪಸ್ ಬರಲಿಲ್ಲ.

ಆ ಹುಡುಗನ ಅಪ್ಪ ಕೇಳಿದ ಪ್ರಶ್ನೆ ನನಗೆ ಇವತ್ತಿಗೂ ಸರಿ ಅನ್ಸುತ್ತೆ. ‘ಬೆಳಿಗ್ಗೆ ಸ್ಕ್ರುಟಿನಿಯಲ್ಲಿ ಇದೇ ಪುಸ್ತಕ ನೋಡಿ ಸ್ಟಿಕರ್ ಹಾಕಿದ್ರಲ್ಲ, ಆಗ ಏನು ನೋಡಿದ್ರಿ?’

ಹಳೇ ಸ್ಕ್ರುಟಿನಿಯರ್
ಏನು ನೋಡಿದರು ಅಂತ ನಾನು ಹೇಳ್ತೀನಿ. ಒಂದು ಟೆಂಟ್, ಎರಡು ಮೇಜು, ಎಲ್ಲ ಕ್ಲಾಸ್ ಸೇರಿ ಸಾಲುಗಟ್ಟಿ ನಿಂತ ಗಾಡಿಗಳು. ಹೆಲ್ಮೆಟ್ ಲೇಬಲ್ ನೋಡಬೇಕು, ರಿಬ್ ಪ್ರೊಟೆಕ್ಟರ್ ನೋಡಬೇಕು, ಬ್ರೇಕ್ ಲೈನ್, ಸ್ಟೀರಿಂಗ್ ಕಾಲಮ್, ಸೀಸದ ಬೋಲ್ಟ್‌ಗೆ ಲಾಕ್ ನಟ್ ಇದೆಯಾ ಅಂತ ನೋಡಬೇಕು. ಬೋಲ್ಟ್ ಸಡಿಲವಾಗಿ ಸೀಸದ ತುಂಡು ಟ್ರ್ಯಾಕ್ ಮೇಲೆ ಬಿದ್ದರೆ ಹಿಂದೆ ಬರುವ ಮಗುವಿನ ಗತಿ ಏನು? ನಾವು ಮೊದಲು ಅದನ್ನ ನೋಡ್ತೀವಿ. ಸೀಲ್ ನಂಬರ್, ಹುಟ್ಟಿದ ತಾರೀಕು ಇವೆಲ್ಲ ಆಮೇಲೆ. ನಮ್ಮಲ್ಲಿ ಬಹಳ ಜನ ಸಂಬಳಕ್ಕೆ ಬಂದವರಲ್ಲ. ಊಟ, ಟೀ ಶರ್ಟ್, ಬಿಸಿಲು.

ಇದು ಸಮರ್ಥನೆ ಅಲ್ಲ. ಹುಟ್ಟಿದ ತಾರೀಕನ್ನ ಟೆಂಟಿನಲ್ಲಿ ನೋಡೋದೇ ತಪ್ಪು ಅನ್ನೋದು ನನ್ನ ಮಾತು. ವರ್ಷದ ಮೊದಲು ಲೈಸೆನ್ಸ್ ಕೊಡುವಾಗಲೇ ಯಾವ ಕ್ಲಾಸ್ ಅಂತ ಅದರ ಮೇಲೆ ಅಚ್ಚು ಹಾಕಿದರೆ ಭಾನುವಾರ ಸಂಜೆಯ ಜಗಳವೇ ಇರಲ್ಲ.

ಮೈಸೂರು ಕಾರ್ನರ್
ಅಚ್ಚು ಹಾಕಿದ ತಾರೀಕೇ ಸುಳ್ಳಾದರೆ? ನಮ್ಮ ದೇಶದಲ್ಲಿ ಕ್ರೀಡೆ ಅಂದರೆ ಅದೇ ದೊಡ್ಡ ರೋಗ. ಕ್ರಿಕೆಟ್‌ನಲ್ಲಿ ಅಂಡರ್ 16ಗೆ ಮೂಳೆ ಪರೀಕ್ಷೆ ಮಾಡ್ತಾರೆ. ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಟಿಡಬ್ಲ್ಯು3 ಅಂತ ಒಂದು ವಿಧಾನದಲ್ಲಿ ವಯಸ್ಸು ಅಂದಾಜು ಮಾಡ್ತಾರೆ. ಕಾರ್ಟಿಂಗಿಗೂ ತನ್ನಿ.

ಲೀಗಲ್ ಅಮ್ಮ
ಬೇಡ ಸರ್. ಮೂಳೆಯ ವಯಸ್ಸು ಬೇರೆ, ಹುಟ್ಟಿದ ದಿನದ ವಯಸ್ಸು ಬೇರೆ. ಆರೋಗ್ಯವಾಗಿರೋ ಮಕ್ಕಳಲ್ಲೇ ಒಂದು ವರ್ಷ ಹಿಂದೆ ಮುಂದೆ ಇರಬಹುದು. ಕಾರ್ಟಿಂಗ್‌ನಲ್ಲಿ ಜಗಳ ಬರೋದು ಹೆಚ್ಚಾಗಿ ಕೆಲವು ದಿನ, ಕೆಲವು ತಿಂಗಳ ವ್ಯತ್ಯಾಸಕ್ಕೆ. ಎಕ್ಸ್‌ರೇ ಹೆಣ್ಣೂರಿನವರ ಮಗ ಡಿಸೆಂಬರ್ 28ಕ್ಕೆ ಹುಟ್ಟಿದ್ದಾ ಜನವರಿ 3ಕ್ಕಾ ಅಂತ ಹೇಳಲ್ಲ. ಅದೂ ಅಲ್ಲದೆ ಇಲ್ಲಿ ಯಾರೂ ತಾರೀಕು ಸುಳ್ಳು ಅಂತಿಲ್ಲ. ನಿಯಮವನ್ನ ಹೇಗೆ ಓದಬೇಕು ಅನ್ನೋದಷ್ಟೇ ಪ್ರಶ್ನೆ.

ದಾಖಲೆ ವಿಷಯಕ್ಕೆ ಬಂದರೆ, ಜನನ ಪ್ರಮಾಣಪತ್ರ ಇಟ್ಟುಕೊಳ್ಳಿ. ಆಧಾರ್ ಗುರುತಿಗೆ ಸರಿ, ಹುಟ್ಟಿದ ತಾರೀಕಿಗೆ ಅದನ್ನೇ ಆಧಾರ ಮಾಡಲಾಗಲ್ಲ ಅಂತ ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್‌ನಲ್ಲಿ ಒಂದು ಅಪಘಾತ ಪರಿಹಾರದ ಕೇಸಿನಲ್ಲಿ ಹೇಳಿದೆ. ಇನ್ನು ವಯಸ್ಸಿನ ಆರೋಪವನ್ನ ಪೊಲೀಸ್ ಸ್ಟೇಷನ್ ತನಕ ಒಯ್ಯುವ ಯೋಚನೆ ಯಾರಿಗಾದರೂ ಇದ್ದರೆ, ಬ್ಯಾಡ್ಮಿಂಟನ್‌ನ ಲಕ್ಷ್ಯ ಸೇನ್ ಪ್ರಕರಣ ನೋಡಿ. ಬೆಂಗಳೂರಿನಲ್ಲಿ ಎಫ್‌ಐಆರ್ ಆಯಿತು. ರದ್ದು ಮಾಡೋಕೆ ಕರ್ನಾಟಕ ಹೈಕೋರ್ಟ್ 2025ರ ಫೆಬ್ರವರಿಯಲ್ಲಿ ಒಪ್ಪಲಿಲ್ಲ. ಜುಲೈ 28ರಂದು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಅಷ್ಟು ದೊಡ್ಡ ಆಟಗಾರನಿಗೇ ಅಷ್ಟು ಓಡಾಟ. ಮಿನಿ ಕ್ಲಾಸಿನ ಮಗುವಿಗೆ ಯಾರೂ ಅದನ್ನ ತಂದಿಡಬೇಡಿ.

ಕೊಯಮತ್ತೂರು ಕನ್ನಡಿಗ
ವಯಸ್ಸು ಜಾಸ್ತಿ ಆಗಿರೋದರ ಬಗ್ಗೆಯೇ ಮಾತಾಡ್ತಿದೀರಿ. ನಾನು ನೋಡಿರೋದು ಉಲ್ಟಾ. ಎಂಟು ತುಂಬದ ಮಗುವನ್ನ ‘ತುಂಬಾ ಫಾಸ್ಟ್ ಇದಾನೆ ಸರ್’ ಅಂತ ಮೇಲಿನ ಕ್ಲಾಸಿಗೆ ತಳ್ಳುವ ಅಪ್ಪಂದಿರು. ಅಧಿಕಾರಿ ಬೇಡ ಅಂದರೆ ಜಗಳ. ಏನಾದರೂ ಆದರೆ ಇನ್ಶೂರೆನ್ಸ್‌ನವರು ಮೊದಲು ಕೇಳೋದು, ಈ ಮಗು ಈ ಕ್ಲಾಸಿಗೆ ಅರ್ಹ ಇತ್ತಾ ಅಂತ. ಅಲ್ಲಿ ಮಾತ್ರ ಅಧಿಕಾರಿಗಳು ಒಂದು ದಿನವೂ ಸಡಿಲ ಬಿಡಬಾರದು.

ಮೈಸೂರು ಕಾರ್ನರ್
ಎಫ್‌ಐಎ ಏನು ಮಾಡಿತು ನೋಡಿ. ಮ್ಯಾಕ್ಸ್ ವರ್ಸ್ಟಾಪೆನ್ 2015ರಲ್ಲಿ 17ನೇ ವಯಸ್ಸಿಗೇ ಎಫ್1 ಓಡಿಸಿದ. ಮರುವರ್ಷದಿಂದ ಕನಿಷ್ಠ 18 ಅಂತ ಮಾಡಿದರು. 2024ರಲ್ಲಿ, ಅಸಾಧಾರಣ ಪ್ರತಿಭೆ ಇದ್ದರೆ 17ಕ್ಕೂ ವಿನಾಯಿತಿ ಕೊಡಬಹುದು ಅಂತ ಮತ್ತೆ ಬಾಗಿಲು ತೆರೆದರು. ದೊಡ್ಡವರಿಗೆ ನಿಯಮ ಬಗ್ಗುತ್ತೆ, ನಮ್ಮ ಮಕ್ಕಳಿಗೆ ಬಗ್ಗಲ್ಲ.

ಸೀಸದ ಸೀಟು
ನೀವೇ ತಾನೇ ಮೇಲೆ ‘ನಿಯಮ ನಿಯಮನೇ’ ಅಂದಿದ್ದು 😀

ಹಳೇ ಸ್ಕ್ರುಟಿನಿಯರ್
ಎಫ್‌ಐಎ ನಿಯಮವನ್ನ ಬದಲಾಯಿಸಿದ್ದು ಬರೆದು, ಪ್ರಕಟಿಸಿ. ರೇಸ್ ಮುಗಿದ ಸಂಜೆ ಅಲ್ಲ. ವ್ಯತ್ಯಾಸ ಇದೆ.

ಮಾಡರೇಟರ್
ಒಂದು ಕಾಮೆಂಟ್ ತೆಗೆದಿದ್ದೇನೆ. ಮೂರನೇ ಸ್ಥಾನಕ್ಕೆ ಬಂದ ಹುಡುಗನ ಹೆಸರು, ಶಾಲೆ ಹಾಕಿದ್ದರು. ಅವನೂ ಮಗುವೇ. ಇನ್ನೊಂದು ಸಲ ಹೀಗಾದರೆ ಈ ಚರ್ಚೆಯನ್ನೇ ಮುಚ್ಚುತ್ತೇನೆ.

ಮಿಡ್‌ಲ್ಯಾಂಡ್ಸ್ ಕನ್ನಡಿಗ
ಒಳ್ಳೇದು ಮಾಡಿದಿರಿ.

ಸ್ಟೀವರ್ಡ್‌ಗಿಂತ ದೊಡ್ಡ ಬೀಗದಕೈ ಲೈಸೆನ್ಸ್ ಕೊಡುವವರ ಹತ್ತಿರ ಇರುತ್ತೆ ಅನ್ನೋದನ್ನೂ ಮರೆಯಬೇಡಿ. 2022ರ ಏಪ್ರಿಲ್‌ನಲ್ಲಿ ಪೋರ್ಚುಗಲ್‌ನ ಪೋರ್ಟಿಮಾವೊದಲ್ಲಿ ಯುರೋಪಿಯನ್ ಕಾರ್ಟಿಂಗ್ ಚಾಂಪಿಯನ್‌ಶಿಪ್ ರೌಂಡ್ ಇತ್ತು. ಉಕ್ರೇನ್ ಯುದ್ಧದಿಂದಾಗಿ ರಷ್ಯಾ ಬಾವುಟದಡಿ ಓಡಿಸುವಂತಿರಲಿಲ್ಲ. 15 ವರ್ಷದ ರಷ್ಯನ್ ಹುಡುಗ ಇಟಲಿಯ ಲೈಸೆನ್ಸ್ ಮೇಲೆ ಓಡಿಸಿ ಗೆದ್ದ. ಪೋಡಿಯಂ ಮೇಲೆ ಮಾಡಿದ ಸನ್ನೆ ನಾಜಿ ಸೆಲ್ಯೂಟ್ ಥರ ಕಂಡಿತು, ದೊಡ್ಡ ಗಲಾಟೆ ಆಯಿತು. ಟೀಮ್ ಕೈಬಿಟ್ಟಿತು, ಇಟಲಿಯವರು ಲೈಸೆನ್ಸೇ ವಾಪಸ್ ತಗೊಂಡರು. ಅಲ್ಲಿಗೆ ಅವನ ಸೀಸನ್ ಮುಗೀತು.

ಲೀಗಲ್ ಅಮ್ಮ
ಸರಿ, ವಿಷಯಕ್ಕೆ ಬರೋಣ. ಹೆಣ್ಣೂರು ಸರ್, ನೀವು ಮಾಡಬಹುದಾದ್ದು ಇಷ್ಟು. ಟೀಮ್‌ಗೆ ಇಮೇಲ್ ಮಾಡಿ. ನಿರ್ಧಾರದ ಪ್ರತಿ ಕೇಳಿ, ಎಷ್ಟು ಗಂಟೆಗೆ ಕೈಗೆ ಬಂತು, ಯಾರು ಸಹಿ ಹಾಕಿದರು ಕೇಳಿ. ಫೋನಲ್ಲಿ ಬೇಡ. ಸರಣಿಯ ಕಾರ್ಯದರ್ಶಿಗೂ ಬರೆಯಿರಿ. ಆದರೆ ‘ಅನ್ಯಾಯ’, ‘ಪಕ್ಷಪಾತ’ ಅಂತ ಒಂದು ಪದವೂ ಬೇಡ. ಯಾವ ನಿಯಮ, ಯಾವ ಬುಲೆಟಿನ್ ಪ್ರಕಾರ ವಯಸ್ಸು ಲೆಕ್ಕ ಹಾಕಿದಿರಿ ಅಂತ ಮಾತ್ರ ಕೇಳಿ. ಹಿಂದಿನ ರೌಂಡ್‌ಗಳ ಪಾಯಿಂಟ್ ಉಳಿದಿದೆಯಾ ಅಂತಲೂ ಕೇಳಿ. ಒಂದು ರೌಂಡಿನ ಸ್ಟೀವರ್ಡ್‌ಗಳು ಸಾಮಾನ್ಯವಾಗಿ ಇನ್ನೊಂದು ರೌಂಡಿನ ರಿಸಲ್ಟ್ ಮುಟ್ಟಲ್ಲ.

ಮರುಪರಿಶೀಲನೆ ಅಂತ ಒಂದಿದೆ. ಅದಕ್ಕೆ ಹೊಸ, ಮಹತ್ವದ, ಆಗ ನಿಮಗೆ ಸಿಗದೇ ಇದ್ದ ಸಾಕ್ಷ್ಯ ಬೇಕು. ಡೆಸ್ಕ್‌ನಲ್ಲಿ ಯಾರೋ ‘ಓಕೆ’ ಅಂದರು ಅನ್ನೋದು ಅದಕ್ಕೆ ಸಾಲಲ್ಲ.

ಹೆಣ್ಣೂರು ಅಪ್ಪ
ಎಲ್ಲರಿಗೂ ಥ್ಯಾಂಕ್ಸ್. ಏನಾಯಿತು ಅಂತ ಹೇಳ್ತೀನಿ.

ಟೀಮ್‌ನವರು ನಿರ್ಧಾರದ ಪ್ರತಿ ಕಳಿಸಿದರು. ಹಳೇ ಸ್ಕ್ರುಟಿನಿಯರ್ ಸರ್ ಹೇಳಿದ ಹಾಗೇ ಇದೆ. ಸಮಯ ಹಾಕಿದ್ದಾರೆ, ಮ್ಯಾನೇಜರ್ ಸಹಿ ಇದೆ. ‘ಅಪೀಲ್ ಉದ್ದೇಶವಿಲ್ಲ’ ಅಂತ ಟಿಕ್ ಕೂಡ ಹಾಕಿದ್ದಾರೆ. ನನ್ನನ್ನ ಕೇಳಿರಲಿಲ್ಲ. ಬುಲೆಟಿನ್ ಇದೆ, ಕ್ಯಾಲೆಂಡರ್ ವರ್ಷದ ಲೆಕ್ಕ ಅಂತಲೇ ಬರೆದಿದೆ. ಅದು ಬಂದಿದ್ದು ಎರಡನೇ ರೌಂಡ್ ಆದ ಮೇಲೆ. ಹಾಗಾಗಿ ಮೊದಲ ರೌಂಡ್‌ಗಳ ಪಾಯಿಂಟ್ ಉಳಿಯುತ್ತೆ ಅಂತ ಕಾರ್ಯದರ್ಶಿ ಮರ್ಯಾದೆಯಿಂದಲೇ ಉತ್ತರ ಬರೆದಿದ್ದಾರೆ. ಆ ರೌಂಡಿನ ರಿಸಲ್ಟ್ ಬದಲಾಗಲ್ಲ.

ಬುಲೆಟಿನ್ ಹೊರಡಿಸಿದಾಗ ಅದರಿಂದ ಹೊರಗೆ ಹೋಗುವ ಹುಡುಗರ ಪಟ್ಟಿ ತೆಗೆದು ಮನೆಗೊಂದು ಫೋನ್ ಮಾಡಿದ್ದರೆ ಮುಗೀತಿತ್ತು. ಈ ಕ್ಲಾಸಲ್ಲಿ ಅಂಥ ಹುಡುಗ ಇವನೊಬ್ಬನೇ ಇದ್ದದ್ದು.

ಮೈಸೂರು ಕಾರ್ನರ್
ಸೀಸನ್ ಮಧ್ಯೆ ವಯಸ್ಸಿನ ಲೆಕ್ಕ ಬದಲಾಯಿಸಿದ್ದು ತಪ್ಪು. ಇದರಲ್ಲಿ ನಾನು ನಿಮ್ಮ ಪರ. ಟೀಮ್ ಬಿಡ್ತೀರಾ?

ಹೆಣ್ಣೂರು ಅಪ್ಪ
ಸೀಸನ್ ಮಧ್ಯೆ ಎಲ್ಲಿಗೆ ಹೋಗೋದು ಸರ್, ಕೊಟ್ಟ ಅಡ್ವಾನ್ಸ್ ಇದೆ. ಆದರೆ ಮುಂದಿನ ರೌಂಡಿನಿಂದ ಎಂಟ್ರೆಂಟ್ ಜಾಗದಲ್ಲಿ ನನ್ನ ಹೆಸರು ಹಾಕಬೇಕು ಅಂತ ಹೇಳಿದೀನಿ, ಅದಕ್ಕೆ ಬೇಕಾದ ಲೈಸೆನ್ಸ್ ನಾನೇ ಮಾಡಿಸ್ತೀನಿ. ಗೊಣಗಿಕೊಂಡು ಒಪ್ಪಿದರು.

ಹುಡುಗ ಈಗ ಜೂನಿಯರ್. ಪ್ರಾಕ್ಟೀಸಲ್ಲಿ ಕೊನೆಯಿಂದ ಎರಡನೆಯವನು, ಆದರೂ ಗಾಡಿ ಸ್ಪೀಡು ನೋಡಿ ಅವನಿಗೆ ಖುಷಿಯೋ ಖುಷಿ. ಮಿನಿಯಲ್ಲಿ ತೂಕ ಜಾಸ್ತಿ ಅಂತಿದ್ದವನು ಇಲ್ಲಿ ಮಿತಿಗಿಂತ ಕೆಳಗಿದಾನೆ. ಯಾರ ಹತ್ತಿರವಾದರೂ ಸೆಕೆಂಡ್ ಹ್ಯಾಂಡ್ ಸೀಸ ಇದ್ದರೆ ಹೇಳಿ.

ಟೂ ಸ್ಟ್ರೋಕ್ ತಿಮ್ಮ
ನನ್ನ ಶೆಡ್‌ನಲ್ಲಿ ಬಿದ್ದಿದೆ, ಬಂದು ತಗೊಂಡು ಹೋಗಿ. ಬೋಲ್ಟ್ ಮಾತ್ರ ಹೊಸದು ತನ್ನಿ, ದೊಡ್ಡ ವಾಷರ್ ಮತ್ತು ಲಾಕ್ ನಟ್ ಸಮೇತ. ಇಲ್ಲಾಂದರೆ ಹಳೇ ಸ್ಕ್ರುಟಿನಿಯರ್ ಸಾಹೇಬರು ಟೆಂಟಿನಿಂದಲೇ ವಾಪಸ್ ಕಳಿಸ್ತಾರೆ.

ಹಳೇ ಸ್ಕ್ರುಟಿನಿಯರ್
ಖಂಡಿತ ಕಳಿಸ್ತೀನಿ.